ಪಾಡ್‌ಕಾಸ್ಟ್ ಆರಂಭಿಸುವ ರೈತರು ಯಾರಿಗಾಗಿ ಮಾತನಾಡಬೇಕು?



ಮಾತನ್ನು ಮೊಬೈಲಿನಲ್ಲಿಯೇ ಧ್ವನಿಮುದ್ರಿಸಿ, ಬೇಕಾದವರು ಬೇಕಾದಾಗ ಕೇಳುವಂತೆ ಅಂತರ್ಜಾಲದಲ್ಲಿ ಕಂತುಕಂತಾಗಿ ಬಿಡುವ ಪಾಡ್‌ಕಾಸ್ಟ್ ಈಗ ಹಳ್ಳಿಗೂ ಬಂದಿದೆ. ನಿಮ್ಮಲ್ಲಿ ಕೆಲವರು, ವಿಶೇಷವಾಗಿ ಓದು ಮುಗಿಸಿ ಊರಿಗೆ ಮರಳಿದ ತರುಣರು, ಇದನ್ನು ಆರಂಭಿಸುವ ಉತ್ಸಾಹದಲ್ಲಿದ್ದೀರಿ. ಸಂತೋಷದ ವಿಷಯ. ಆದರೆ 'ಸಮಗ್ರ ಕೃಷಿ ಮಾಹಿತಿ' ಎಂದು ಹೆಸರಿಟ್ಟು ಹೊರಡಬೇಡಿರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಎಲ್ಲ ಬೆಳೆಗಳ ವಿಷಯ ಹೇಳಲು ಆಕಾಶವಾಣಿಯಿದೆ. ಅದರ ಕೃಷಿ ಮತ್ತು ಗೃಹ ವಿಭಾಗಗಳು 1966ರಲ್ಲಿಯೇ ಆರಂಭವಾದವು. ಅವುಗಳ ಬೆನ್ನಿಗೆ ತಜ್ಞರಿದ್ದಾರೆ. ಒಬ್ಬಂಟಿಯಾಗಿ ಅದರೊಡನೆ ಸ್ಪರ್ಧಿಸುವುದೇಕೆ? 1988ರಲ್ಲಿ ಪುತ್ತೂರಿನಿಂದ ಹೊರಟ 'ಅಡಿಕೆ ಪತ್ರಿಕೆ'ಯನ್ನು ನೋಡಿರಿ. ಒಂದೇ ಬೆಳೆಯ ಹೆಸರು ಹೊತ್ತು, ಕೃಷಿಕರ ಕೈಯಲ್ಲಿಯೇ ಬರೆಸಿ ಅದು ಬೇರೂರಿತು. ನೀರು, ಹಲಸು ಮುಂತಾದ ವಿಷಯಗಳಿಗೂ ಕೈಚಾಚಿತು.

ಇತ್ತೀಚೆಗೆ ಒಂದು ಕಂತನ್ನು ಕೇಳಿದೆ. ಮಾತನಾಡಿದವರು ಅಡಿಕೆ ತೋಟದಲ್ಲಿ ಕೆಲಸ ಮಾಡಿದಂತಿರಲಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಿರಿ ಎಂದವರು ಸುಣ್ಣದ ಮಾತನ್ನೇ ಬಿಟ್ಟರು! ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಬೇಕು. ಹೊಳೆಯುವ ಚೂರಿಯನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ಕೆಂಪು ಲೇಪ ಕಂಡರೆ ಸುಣ್ಣ ಸಾಲದೆಂದು ಅರ್ಥ; ಹಾಗೆಯೇ ಹೊಡೆದರೆ ಎಲೆ, ಕಾಯಿ ಸುಡುತ್ತವೆ. ಅಚ್ಚಾದ ಮಾತನ್ನಾದರೆ ತಿರುಗಿ ಓದಬಹುದು. ಕೆಲಸದ ನಡುವೆ ಕಿವಿಗೆ ಬಿದ್ದ ಮಾತಿಗೆ ಆ ಅನುಕೂಲ ಕಡಿಮೆ. ಆದುದರಿಂದ ನೀವು ಸ್ವತಃ ಮಾಡಿ ನೋಡಿದ್ದನ್ನು ಮಾತ್ರ ಹೇಳಿರಿ, ಅಳತೆಯನ್ನು ಎರಡು ಬಾರಿ ಹೇಳಿರಿ. ಕೇಳುಗರು ನಿಮ್ಮ ತಾಲ್ಲೂಕಿನವರೇ ಆದರೆ ಇನ್ನೂ ಒಳ್ಳೆಯದು. ತಪ್ಪಿದಾಗ ಮನೆ ಬಾಗಿಲಿಗೇ ಬಂದು ಕೇಳುತ್ತಾರೆ.

ಕೇಳುಗರನ್ನು ಎಲ್ಲಿ ಹುಡುಕಬೇಕು? ಕೈಗೆ ಕೆಲಸವಿದ್ದು ಕಿವಿಗೆ ಬಿಡುವಿರುವ ಕಡೆ. ಮಲೆನಾಡಿನಲ್ಲಿ ಕೊಯ್ಲಿನ ಕಾಲಕ್ಕೆ ಯಾವುದಾದರೂ ಅಡಿಕೆ ಮನೆಗೆ ರಾತ್ರಿ ಹೋಗಿ ನೋಡಿರಿ. ದೀಪದ ಕೆಳಗೆ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು ಹಸಿ ಅಡಿಕೆ ಸುಲಿಯುವವರ ಕಣ್ಣು ಕತ್ತಿಯ ಮೇಲೆ, ಕೈ ಅಡಿಕೆಯ ಮೇಲೆ. ಅವರಲ್ಲಿ ಹೆಂಗಸರೇ ಬಹಳ. ಅನೇಕರಿಗೆ ಸ್ವಂತ ತೋಟವಿಲ್ಲ. ತೋಟದ ಒಡೆಯರಿಗೆ ಗೊಬ್ಬರ, ಔಷಧಿ, ಧಾರಣೆಗಳ ಸಂಗತಿ ಹೇಳುವವರು ಬೇಕಾದಷ್ಟಿದ್ದಾರೆ. ಸುಲಿಯುವ ಕೂಲಿಯ ಲೆಕ್ಕ, ಸುಲಿಯುವ ಯಂತ್ರ ಬಂದ ಮೇಲಿನ ಕೆಲಸದ ಸ್ಥಿತಿ, ಚೊಗರು ಹತ್ತಿ ಕಪ್ಪಾದ ಕೈಯ ಆರೈಕೆ, ಗಂಟೆಗಟ್ಟಲೆ ಕುಳಿತವರ ಬೆನ್ನುನೋವು ಇವುಗಳ ಬಗೆಗೆ ಅವರೊಡನೆ ಮಾತನಾಡುವವರು ಎಷ್ಟು ಮಂದಿ? ಈ ವಿಷಯಗಳನ್ನು ಬಲ್ಲವರು ನಮ್ಮಲ್ಲಿಲ್ಲವೆಂದಲ್ಲ, ಸುಲಿಯುವವರೇ ಬಲ್ಲರು. ಧ್ವನಿಮುದ್ರಣವನ್ನು ಅವರ ಎದುರಿಗೆ ಇಡಬೇಕು, ಅಷ್ಟೆ. (ಒಡೆಯರಿಗೆ ಕೂಲಿಯ ಮಾತು ಹಿಡಿಸದೆ ಹೋಗಬಹುದು, ಅದಕ್ಕೂ ಸಿದ್ಧರಾಗಿರಿ.)

ಆರಂಭಿಸುವ ಮುನ್ನ ಹತ್ತು ಕಂತುಗಳ ವಿಷಯವನ್ನು ಒಂದು ಹಾಳೆಯಲ್ಲಿ ಬರೆದು ನೋಡಿರಿ. ಐದಕ್ಕೇ ನಿಂತರೆ ಆ ಕ್ಷೇತ್ರ ಇನ್ನೂ ನಿಮ್ಮದಾಗಿಲ್ಲ. ಇನ್ನೊಂದು ಹಂಗಾಮು ಕಾಯಿರಿ. ಹಾಳೆ ತುಂಬಿ ಹಿಂಬದಿಗೂ ಹರಿದರೆ ತಡಮಾಡಬೇಡಿರಿ, ಕೊಯ್ಲಿಗೆ ಮುಂಚೆಯೇ ಮೊದಲ ಕಂತು ಸಿದ್ಧವಾಗಲಿ.