ಹಡಗಿನ ವಯಸ್ಸು ಮತ್ತು ನಾನು ಹಾಕಿದ ಸರಿ ಗುರುತು

ಕೆಲವು ವರ್ಷಗಳ ಹಿಂದೆ ಬೋಧನಾಭ್ಯಾಸದ ಅವಧಿಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬಳು ಎಂಟನೇ ತರಗತಿಗೆ ಹೊರಸಂಚಾರದ ಪಾಠಯೋಜನೆ ಬರೆದಿದ್ದಳು. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಐಎನ್‌ಎಸ್ ಚಪಲ್ ಯುದ್ಧನೌಕೆಯನ್ನು ಮಕ್ಕಳಿಗೆ ತೋರಿಸುವ ಯೋಜನೆ. ಉದ್ದೇಶ, ಚಟುವಟಿಕೆ, ಮೌಲ್ಯಮಾಪನ ಎಲ್ಲವೂ ಅಚ್ಚುಕಟ್ಟು. ವಿಷಯ ವಿವರಣೆಯಲ್ಲಿ ‘1971ರ ಯುದ್ಧದಲ್ಲಿ ಕರಾಚಿಯ ಮೇಲೆ ದಾಳಿ ಮಾಡಿದ ನೌಕೆ’ ಎಂದಿತ್ತು. ನಾನೂ ಹಾಗೆಂದೇ ಕೇಳಿದ್ದೆ. ಸರಿ ಗುರುತು ಹಾಕಿ ಸಹಿ ಮಾಡಿದೆ.

ಆ ಗುರುತು ನನ್ನನ್ನು ಚುಚ್ಚಿದ್ದು ಕಳೆದ ವರ್ಷ, ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ. ಮಗಳ ಮನೆಗೆ ಹೋಗಿದ್ದೆ. ಅಲ್ಲಿ ಊರ ನಡುವಿನವರೆಗೂ ನೀರು ಒಳಗೆ ಬಂದಿದೆ, ಆ ಒಳಬಂದರಿನ ದಡಗಳಲ್ಲಿ ಹಳೆಯ ಹಡಗುಗಳನ್ನು ಕಟ್ಟಿ ನಿಲ್ಲಿಸಿದ್ದಾರೆ. ದೀಪಸ್ತಂಭ ಕಟ್ಟಲಾಗದ ಕಡೆ ಲಂಗರು ಹಾಕಿ ದೀಪ ಹೊತ್ತು ನಿಲ್ಲುತ್ತಿದ್ದ 1930ರ ಚೆಸಾಪೀಕ್ ಇದೆ. ಎರಡನೆಯ ಮಹಾಯುದ್ಧದ ಟಾರ್ಸ್ಕ್ ಜಲಾಂತರ್ಗಾಮಿ ಇದೆ. ಅದರ ದುಂಡು ಬಾಗಿಲುಗಳನ್ನು ನನ್ನ ಮೊಣಕಾಲು ಮೆಚ್ಚಲಿಲ್ಲ. ಎಲ್ಲಕ್ಕಿಂತ ಹೆಚ್ಚು ಹೊತ್ತು ನಾನು ಕಳೆದದ್ದು ಮೂರು ಕೂವೆಮರಗಳ ಹಾಯಿಹಡಗು ಕಾನ್‌ಸ್ಟೆಲೇಶನ್‌ನಲ್ಲಿ.

ಮೇಲೇರಿದ ಕೂಡಲೇ ನಾನು ಮಾಡಿದ್ದು ನಮ್ಮ ಪ್ರಶಿಕ್ಷಣಾರ್ಥಿಗಳು ಮಾಡುವುದನ್ನೇ: ಪುಸ್ತಕ ತೆಗೆದು ಫಲಕದಲ್ಲಿದ್ದುದನ್ನು ಬರೆದುಕೊಂಡೆ. 1854ರಲ್ಲಿ ನೀರಿಗಿಳಿದ ಹಡಗು. ಪಕ್ಕದಲ್ಲಿ ನಿಂತಿದ್ದ ವಯಸ್ಸಾದ ಸ್ವಯಂಸೇವಕರೊಬ್ಬರು ನಕ್ಕರು. ತಾವು ಶಾಲಾ ಹುಡುಗನಾಗಿ ಇಲ್ಲಿಗೆ ಬಂದಾಗ 1797 ಎಂದು ಬರೆದುಕೊಂಡಿದ್ದೆ ಎಂದರು.

ಅದು ತಮಾಷೆಯಲ್ಲ. 1797ರಲ್ಲಿ ಇದೇ ಬಾಲ್ಟಿಮೋರ್‌ನಲ್ಲಿ ಇದೇ ಹೆಸರಿನ ಹಡಗೊಂದು ನೀರಿಗಿಳಿದಿತ್ತು. 1853ರಲ್ಲಿ ಅದನ್ನು ವರ್ಜೀನಿಯಾದ ನಾರ್ಫೋಕ್ ಬಳಿಯ ನೌಕಾಂಗಣದಲ್ಲಿ ಒಡೆದರು. ಅಲ್ಲಿಯೇ ಅದೇ ಹೆಸರಿನ ಹೊಸ ಹಡಗನ್ನು ಕಟ್ಟಿದರು. ಹೊಸದು ಕಟ್ಟಿದ್ದೋ, ಹಳೆಯದನ್ನೇ ತಿದ್ದಿದ್ದೋ ಎಂಬ ಗೊಂದಲ ಹುಟ್ಟಿದ್ದು ಅಲ್ಲಿ. 1955ರಲ್ಲಿ ಹಡಗು ಬಾಲ್ಟಿಮೋರ್‌ಗೆ ಬಂದ ಮೇಲೆ ಊರಿನ ಅಭಿಮಾನ ತಾನೇ ಉತ್ತರ ಕೊಟ್ಟುಕೊಂಡಿತು: ನಮ್ಮ ಊರಲ್ಲಿ ಹುಟ್ಟಿದ ಹಡಗು. ಅದಕ್ಕೆ ತಕ್ಕಂತೆ ಹಡಗಿನ ರೂಪವನ್ನೇ 1797ರದರ ಹಾಗೆ ಬದಲಿಸಿದರು. ಹೋವರ್ಡ್ ಚಾಪೆಲ್ ಎಂಬ ನೌಕಾ ಇತಿಹಾಸಕಾರ ಇದು ಬೇರೆ ಹಡಗು ಎಂದು ವಾದಿಸುತ್ತಲೇ ಇದ್ದ. ಕೊನೆಗೆ 1991ರಲ್ಲಿ ಡೇನಾ ವೆಗ್ನರ್ ಮತ್ತು ಸಂಗಡಿಗರ ವರದಿ ಪ್ರಶ್ನೆಯನ್ನು ಮುಗಿಸಿತು. ಹಳೆಯ ವಾದಕ್ಕೆ ಆಸರೆಯಾಗಿದ್ದ ಕೆಲವು ಕಾಗದಪತ್ರಗಳು ನಕಲಿ ಎಂದೂ ಹೊರಬಿತ್ತು. ಆಮೇಲೆ ದೊಡ್ಡ ದುರಸ್ತಿ ಮಾಡಿ, 1999ರಲ್ಲಿ ಹಡಗನ್ನು ಅದರ ನಿಜವಾದ ರೂಪದಲ್ಲಿ ತಂದು ನಿಲ್ಲಿಸಿದರು.

ಸ್ವಯಂಸೇವಕರು ನನ್ನನ್ನು ದಡಕ್ಕಿಳಿಸಿ ಹಡಗಿನ ಹಿಂಬದಿಯನ್ನು ತೋರಿಸಿದರು. ಹಳೆಯ ಹಡಗಿನ ಹಿಂಬದಿ ಚಪ್ಪಟೆ, ಇದರದು ದುಂಡು. ಸಾಕ್ಷ್ಯದ ಒಂದು ತುಂಡು ಅಷ್ಟು ವರ್ಷವೂ ಎಲ್ಲರ ಕಣ್ಣ ಮುಂದೆಯೇ ತೇಲುತ್ತಿತ್ತು. ಎಷ್ಟು ಶಾಲೆಗಳ ಮಕ್ಕಳು ಅದರ ಮುಂದೆ ಸಾಲಾಗಿ ನಡೆದು ಹೋಗಿರಬೇಕು!

ಹಡಗು ‘ಕಿರಿಯದಾದ’ ಮೇಲೆ ಅದರ ಕಥೆ ಬಡವಾಗಲಿಲ್ಲ ಎಂಬುದು ನನಗೆ ಮುಖ್ಯವಾಗಿ ಕಂಡಿತು. 1860ರ ಸೆಪ್ಟೆಂಬರಿನಲ್ಲಿ ಆಫ್ರಿಕಾದ ಕರಾವಳಿಯಲ್ಲಿ ಈ ಹಡಗು ಕೋರಾ ಎಂಬ ಗುಲಾಮ ಸಾಗಣೆಯ ಹಡಗನ್ನು ಹಿಡಿಯಿತು. ಅದರೊಳಗೆ 705 ಮಂದಿ ಸೆರೆಯಲ್ಲಿದ್ದರು. ಹುಟ್ಟೂರಿನ ಹೆಮ್ಮೆಗಾಗಿ ಎತ್ತಿ ಹಿಡಿದ ತಪ್ಪು ಇಸವಿಗಿಂತ ಇದು ತರಗತಿಗೆ ಎಷ್ಟೋ ದೊಡ್ಡ ಪಾಠ.

ಈಗ ನನ್ನ ಮಾತು. ನಮ್ಮ ಹೊರಸಂಚಾರದ ಅವಲೋಕನ ಹಾಳೆಗಳಲ್ಲಿ ಹೆಸರು, ಇಸವಿ, ಉದ್ದ, ಅಗಲ, ವಿಶೇಷತೆ ಎಂಬ ಖಾನೆಗಳಿರುತ್ತವೆ. ಎಲ್ಲವೂ ಫಲಕದಿಂದ ಹಾಳೆಗೆ ಇಳಿಯುವ ನಕಲು. ಇದಕ್ಕೆ ಬಸ್ಸು ಬೇಡ, ಪಾಲಕರ ಒಪ್ಪಿಗೆ ಪತ್ರ ಬೇಡ. ಫಲಕದ ಫೋಟೋ ಸಾಕು. ಅಲ್ಲಿಗೇ ಹೋಗಬೇಕಾದದ್ದು, ಹೇಳಿದ ಮಾತಿಗೂ ಕಣ್ಣ ಮುಂದಿನ ವಸ್ತುವಿಗೂ ತಾಳೆ ನೋಡಲು. ಹಾಳೆಯಲ್ಲಿ ಒಂದೇ ಒಂದು ಪ್ರಶ್ನೆ ಇದ್ದರೂ ಅದು ‘ಇದು ನಮಗೆ ಹೇಗೆ ಗೊತ್ತು?’ ಎಂದಿರಲಿ.

ಸಹೋದ್ಯೋಗಿಯೊಬ್ಬರು ಒಪ್ಪಲಿಲ್ಲ. ಎಂಟನೇ ತರಗತಿಯವರಿಗೆ ಮೊದಲು ಹಡಗು ನೋಡುವ ಸಂತೋಷ ಸಿಗಲಿ, ಅನುಮಾನ ಆಮೇಲೆ ಎಂದರು. ಅರ್ಧ ನಿಜ. ತೋಪು ಮುಟ್ಟದೆ, ನಾವಿಕರು ಮಲಗುತ್ತಿದ್ದ ತೂಗುಜೋಲಿಗಳನ್ನು ಎಣಿಸದೆ ಯಾವ ಮಗುವೂ ಪ್ರಶ್ನೆಗೆ ಬರುವುದಿಲ್ಲ, ಬರಬಾರದು ಕೂಡ. ಆದರೆ ದುಂಡು ಹಿಂಬದಿಯನ್ನು ಹುಡುಕಿ ತೆಗೆಯುವುದೂ ಸಂತೋಷವೇ. ನನಗೆ ಅರವತ್ತರಲ್ಲಿ ಆದ ಖುಷಿ ಹದಿಮೂರಕ್ಕೆ ಆಗದೇ?

ಊರಿಗೆ ಮರಳಿ ಚಪಲ್‌ನ ಇಸವಿ ಹುಡುಕಿದೆ. ಸೋವಿಯತ್ ಒಕ್ಕೂಟದಲ್ಲಿ ತಯಾರಾದ ಆ ನೌಕೆ ನಮ್ಮ ನೌಕಾಪಡೆಗೆ ಸೇರಿದ್ದು 1976ರಲ್ಲಿ, ನಿವೃತ್ತಿಯಾದದ್ದು 2005ರಲ್ಲಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಕಡೆ ಕ್ಷಿಪಣಿ ಹಾರಿಸಿದವು ನಿಪಾತ್, ನಿರ್ಘಾತ್ ಮತ್ತು ವೀರ್. ಅದೇ ಮಾದರಿಯ, ಮೊದಲು ಬಂದ ತಂಡದವು. ಯುದ್ಧ ಮುಗಿದು ಐದು ವರ್ಷವಾದ ಮೇಲೆ ಬಂದ ನೌಕೆಗೆ ಅಕ್ಕಂದಿರ ಸಾಹಸ ಅಂಟಿಕೊಂಡಿತ್ತು. ಎರಡು ಇಸವಿಗಳ ವ್ಯವಕಲನ ಅಷ್ಟೇ. ಎಂಟನೇ ತರಗತಿಯ ಯಾವ ಮಗುವೂ ಮಾಡಬಹುದಿತ್ತು, ನಾನು ಮಾಡಿರಲಿಲ್ಲ.

ಆ ಪ್ರಶಿಕ್ಷಣಾರ್ಥಿ ಈಗ ಕರಾವಳಿಯ ಶಾಲೆಯೊಂದರಲ್ಲಿ ಶಿಕ್ಷಕಿ. ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದಳು: ‘ಸರ್, ಮೂರು ವರ್ಷದ ಮಕ್ಕಳಿಗೆ ಹೇಳಿಬಿಟ್ಟಿದ್ದೇನಲ್ಲ?’ ಈ ವರ್ಷ ಅವಳ ತರಗತಿಯ ಮಕ್ಕಳು ಚಪಲ್ ಮುಂದೆ ನಿಲ್ಲುವಾಗ ಹಾಳೆಯಲ್ಲಿ 1971 ಮತ್ತು 1976 ಅಕ್ಕಪಕ್ಕ ಇರುತ್ತವೆ. ಮುಂದಿನದನ್ನು ಅವರೇ ಬರೆಯುತ್ತಾರೆ. ಅವಲೋಕನಕ್ಕೆ ನಾನೂ ಬರುತ್ತೇನೆಂದು ಹೇಳಿದ್ದೇನೆ.