ಕತ್ತರಿ ಹಾಕುವ ಮುನ್ನ

ಮೂಲೆಗೆ ಬಿದ್ದಿದ್ದ ಹಳೇ ಸ್ಪೋರ್ಟ್ಸ್ ಕಾರಿನ ಲೈಟು ಹತ್ತದಿದ್ದರೆ ಹೊಸಪೇಟೆಯಲ್ಲಿ ಕೇಳಿಬರುವುದು ಒಂದೇ ಮಾತು: 'ವೈರಿಂಗ್ ಪೂರ್ತಿ ಕಿತ್ತು ಹೊಸದು ಹಾಕೋಣ ಸಾರ್.' ಇದು ರಿಪೇರಿಯಲ್ಲ, ಸೋಮಾರಿತನ.

90ರ ದಶಕದ ಕೊನೆಗೆ ಬಂದ ಎರಡು ಸೀಟಿನ ಸ್ಯಾನ್ ಸ್ಟಾರ್ಮ್ ನೋಡಿ. ಅದರ ಮೈ ಫೈಬರ್‌ಗ್ಲಾಸ್. ತಗಡಿನ ಕಾರಿನಲ್ಲಿ ಬಾಡಿಯೇ ಕರೆಂಟನ್ನು ಬ್ಯಾಟರಿಗೆ ವಾಪಸು ಒಯ್ಯುತ್ತದೆ. ಫೈಬರಿನಲ್ಲಿ ಅದಕ್ಕೂ ವೈರೇ ಬೇಕು. ತುಕ್ಕು ಹಿಡಿಯುವುದು ಆ ಅರ್ತಿಂಗಿನ ಬೋಲ್ಟಿಗೆ. ಲೈಟು ಹಾಕಿ, ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಲೈಟಿನ ಅರ್ತಿಂಗಿಗೆ ಹಿಡಿಯಿರಿ. ಅರ್ಧ ವೋಲ್ಟ್ ದಾಟಿದರೆ ಕಳ್ಳ ಸಿಕ್ಕ.

ಪಕ್ಕದ ಹಂಪಿಯಲ್ಲಿ ಮಂಟಪ ಬಿಚ್ಚುವಾಗ ಕಲ್ಲುಕಲ್ಲಿಗೂ ನಂಬರು ಬರೆಯುತ್ತಾರೆ. ನಾವು ವೈರಿಗೊಂದು ಚೀಟಿಯನ್ನೂ ಕಟ್ಟದೆ ಕತ್ತರಿಸುತ್ತೇವೆ. ಬೇಕಿದ್ದದ್ದು ಒಂದು ಚೂರು ಉಪ್ಪುಕಾಗದ. ಬಿಲ್ಲು ಮಾತ್ರ ಇಡೀ ವೈರಿಂಗಿನದು.