ಆಸ್ಪತ್ರೆಯ ದಿನ ತಪ್ಪಿತೆಂದು ನಮ್ಮನ್ನು ದೂರುವವರಿಗೆ

ತೋಟದ ಕೂಲಿಗಾರರು ಆಸ್ಪತ್ರೆಯವರು ಕೊಟ್ಟ ದಿನಕ್ಕೆ ಬರುವುದಿಲ್ಲ, ಅವರಿಗೆ ತಮ್ಮ ಆರೋಗ್ಯದ ಮೇಲೆಯೇ ನಿಗಾ ಇಲ್ಲ ಎಂಬ ದೂರನ್ನು ನಾವು ಬಹಳ ಕಾಲದಿಂದ ಕೇಳುತ್ತ ಬಂದಿದ್ದೇವೆ. ಈಗ ಅದಕ್ಕೊಂದು ಮದ್ದೂ ಸಿಕ್ಕಿದೆಯಂತೆ. ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ಮುಂಗಡವಾಗಿ ಟೋಕನ್ ತೆಗೆದರೆ ಯಾರೂ ದಿನ ತಪ್ಪಿಸುವುದಿಲ್ಲವಂತೆ. ಸಹೋದರ ಸಹೋದರಿಯರೇ, ಈ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದ ಅರ್ಧವನ್ನು ನಾವೇ ಹೇಳಬೇಕಾಗಿದೆ.

ನಿಜವಾದ ಅರ್ಧವನ್ನು ಮೊದಲು ಒಪ್ಪೋಣ. ಕೇಂದ್ರ ಸರಕಾರ 2015ರಲ್ಲಿ ಸರಕಾರಿ ಆಸ್ಪತ್ರೆಗಳಿಗೆ ಆನ್‌ಲೈನ್ ನೋಂದಣಿ ಆರಂಭಿಸಿತು. ವಯನಾಡಿನ ನಮ್ಮವರು ಹೋಗುವ ಕೇರಳದ ಸರಕಾರಿ ಆಸ್ಪತ್ರೆಗಳಲ್ಲಿ ಇ-ಹೆಲ್ತ್ ಎಂಬ ವ್ಯವಸ್ಥೆ ಬಂದಿದೆ. ಆಧಾರ್ ಕೊಟ್ಟು 16 ಅಂಕಿಯ ಆರೋಗ್ಯ ಸಂಖ್ಯೆ ಪಡೆದವರು ಮನೆಯಿಂದಲೇ ಒ.ಪಿ. ಟೋಕನ್ ತೆಗೆಯಬಹುದು. ನಸುಕಿನಲ್ಲಿ ಹೋಗಿ ಸಾಲು ನಿಲ್ಲುವ ಕಷ್ಟ ಅಷ್ಟರಮಟ್ಟಿಗೆ ತಪ್ಪುತ್ತದೆ. ಮೊಬೈಲಿಗೆ ನೆನಪಿನ ಸಂದೇಶ ಕಳಿಸಿದರೆ ಬರುವವರ ಸಂಖ್ಯೆ ಹೆಚ್ಚುತ್ತದೆಂದು ಹಲವು ಪರೀಕ್ಷೆಗಳನ್ನು ಒಟ್ಟಿಗಿಟ್ಟು ನೋಡಿದ 2013ರ ಕಾಕ್ರೇನ್ ಪರಿಶೀಲನೆ ಹೇಳಿದೆ. ಮರೆತವನಿಗೆ ಅದು ಮದ್ದೇ ಸರಿ.

ಆದರೆ ನಾವು ಮರೆತವರೇ? ವಿಶೇಷ ವೈದ್ಯರ ಒ.ಪಿ. ನಡೆಯುವುದು ಕೆಲಸದ ದಿನ, ಬೆಳಗಿನ ಹೊತ್ತು. ನಮಗೆ ಬಿಡುವು ಭಾನುವಾರ. ಅಂದು ಆ ಬಾಗಿಲು ಮುಚ್ಚಿರುತ್ತದೆ. ಹಾಗಾಗಿ ನಾವು ಆಸ್ಪತ್ರೆಗೆ ಹೋಗುವ ದಿನವೆಂದರೆ ಮಸ್ಟರಿನಲ್ಲಿ ಹೆಸರಿಲ್ಲದ ದಿನ, ಕೂಲಿಯಿಲ್ಲದ ದಿನ. ಸೊಪ್ಪು ತುಂಬಿ ಬರುವ ತಿಂಗಳಾದರೆ ಹೆಚ್ಚಿನ ಕಿಲೋಗೆ ಸಿಗುವ ಕಾಸೂ ಹೋಯಿತು. ಬಸ್ಸಿನ ಖರ್ಚು ಬೇರೆ, ಜೊತೆಗೆ ಹೋದವರ ಕೂಲಿ ಬೇರೆ. ಕೋಳಿಕ್ಕೋಡಿನ ಮೆಡಿಕಲ್ ಕಾಲೇಜಿಗೆ ಬರೆದುಕೊಟ್ಟರೆ ತಾಮರಶ್ಶೇರಿ ಘಾಟಿಯ 9 ಹೇರ್‌ಪಿನ್ ತಿರುವುಗಳನ್ನು ಇಳಿಯಬೇಕು. 2025ರ ಆಗಸ್ಟ್‌ನಲ್ಲಿ ಕಲ್ಲು ಮಣ್ಣು ಕುಸಿದು ಆ ದಾರಿಯೇ ಮುಚ್ಚಿಹೋಗಿತ್ತು. ಸಂದೇಶ ಬಂದ ಮಾತ್ರಕ್ಕೆ ಬಿದ್ದ ಮಣ್ಣು ಸರಿಯುತ್ತದೆಯೇ? ಹೋದ ಕೂಲಿ ಬರುತ್ತದೆಯೇ? ದಿನ ನೆನಪಿದ್ದೂ ಬುಟ್ಟಿ ಹೊತ್ತು ತೋಟಕ್ಕೆ ಹೋಗುವ ತಾಯಿ ಮನೆಯ ಅಕ್ಕಿಯ ಲೆಕ್ಕ ಹಾಕಿಯೇ ಹೋಗುತ್ತಾಳೆ. ಅವಳನ್ನು ಅಲಕ್ಷ್ಯದವಳೆಂದು ಕರೆಯುವ ಹಕ್ಕು ಯಾರಿಗೂ ಇಲ್ಲ.

ಇನ್ನು ಮೊಬೈಲಿನ ಮಾತು. ಒ.ಟಿ.ಪಿ. ಬರುವುದು ಆಧಾರಿಗೆ ಜೋಡಿಸಿದ ಮೊಬೈಲಿಗೆ. ಎಷ್ಟೋ ಲೈನ್ ಮನೆಗಳಲ್ಲಿ ಅದು ಬೆಂಗಳೂರಿಗೋ ತಿರುಪ್ಪೂರಿಗೋ ದುಡಿಯಲು ಹೋದ ಮಗನ ಕೈಯಲ್ಲಿದೆ. ತೋಟದ ತಗ್ಗಿನಲ್ಲಿ ಸಿಗ್ನಲ್ ಸಿಗುವುದಿಲ್ಲ. ಓದಲು ಬಾರದ ಭಾಷೆಯ ಸಂದೇಶ ಬಂದೂ ಬಾರದಂತೆಯೇ. ಹೀಗಿರುವಾಗ ಟೋಕನೆಲ್ಲ ಮೊಬೈಲಿಗೇ ಮೀಸಲಾದರೆ ಪೇಟೆಯವರು ಮನೆಯಲ್ಲೇ ಕುಳಿತು ಮುಂದಿನ ಸಾಲು ಹಿಡಿಯುತ್ತಾರೆ. ಮಲೆಯಿಂದ ಮೊದಲ ಬಸ್ಸಿಗೆ ಬಂದವರಿಗೆ “ಇಂದಿನ ಟೋಕನ್ ಮುಗಿಯಿತು” ಎಂಬ ಉತ್ತರ ಉಳಿಯುತ್ತದೆ.

ಯಂತ್ರ ಬೇಡವೆಂದು ನಾವು ಹೇಳುವುದಿಲ್ಲ. ಅದು ನಮಗೂ ದುಡಿಯಲಿ ಎನ್ನುತ್ತೇವೆ. ದಿನವನ್ನು ನಮ್ಮನ್ನು ಕೇಳಿ ಗೊತ್ತುಮಾಡಬೇಕು. ಬರಲಾಗದಿದ್ದರೆ ಒಂದು ಸಾಧಾರಣ ಫೋನ್ ಕರೆಯಿಂದ ಬದಲಾಯಿಸುವಂತಿರಬೇಕು. ಆಗ ನಾವು ಬಿಟ್ಟ ಜಾಗ ಇನ್ನೊಬ್ಬ ರೋಗಿಗಾದರೂ ಸಿಕ್ಕೀತು. ತೋಟದ ಡಿಸ್ಪೆನ್ಸರಿಯಲ್ಲೇ ಟೋಕನ್ ತೆಗೆದು ಕಾಗದದಲ್ಲಿ ಬರೆದುಕೊಡಬೇಕು. ಆಸ್ಪತ್ರೆಯ ಕೌಂಟರಿನಲ್ಲೂ ಒಂದು ಪಾಲು ಟೋಕನ್ ಉಳಿಸಬೇಕು. ಸಂದೇಶ ಕನ್ನಡದಲ್ಲೂ ಬರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಒ.ಪಿ. ಚೀಟಿ ತೋರಿಸಿದವರ ಆ ದಿನದ ಕೂಲಿ ಕಡಿಯಬಾರದು.

ಇದು ಅತಿಯಾಯಿತೆನ್ನುವ ಮಾಲೀಕರು ನೆನಪಿಡಲಿ: ತೋಟದಲ್ಲಿ ದುಡಿಯುವವರಿಗೂ ಅವರ ಕುಟುಂಬಕ್ಕೂ ವೈದ್ಯಕೀಯ ಸೌಲಭ್ಯ ಒದಗಿಸುವ ಹೊಣೆಯನ್ನು 1951ರ ತೋಟ ಕಾರ್ಮಿಕರ ಕಾಯ್ದೆಯೇ ಅವರ ಮೇಲೆ ಹೊರಿಸಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಹೊಸ ಸಂಹಿತೆ ಬಂದಿದೆ. ಕಾಯ್ದೆಯ ಹೆಸರು ಬದಲಾದರೂ ನಮ್ಮ ಕೆಮ್ಮು, ಸಕ್ಕರೆ ರೋಗ, ಸೊಂಟನೋವು ಬದಲಾಗಿಲ್ಲ.

ತಪ್ಪಿದ ದಿನಗಳನ್ನು ಎಣಿಸುವವರು ಕಾರಣವನ್ನೂ ಬರೆದುಕೊಳ್ಳಲಿ. ಅವರು ಬರೆಯದಿದ್ದರೆ ನಾವೇ ಬರೆಯೋಣ. ಯಾರಿಗೆ ಯಾವ ದಿನ ಕೊಟ್ಟಿದ್ದರು, ಏಕೆ ತಪ್ಪಿತು ಎಂದು ಪ್ರತಿ ಲೈನಿನಲ್ಲೂ ಪಟ್ಟಿ ಮಾಡಿ, ಮೊದಲು ತೋಟದ ಆಫೀಸಿಗೆ, ಬಳಿಕ ಆಸ್ಪತ್ರೆಗೆ, ಎಲ್ಲರೂ ಒಟ್ಟಾಗಿ ಹೋಗೋಣ.